ಬಸ್ಸು ಹತ್ತಬೇಡಿ ಅಂದವರು

ನಾನು ಟಾಂಜಾನಿಯಕ್ಕೆ ಒಬ್ಬಳೇ ಹೋಗುತ್ತೇನೆ ಎಂದ ದಿನ ಟೆಕ್ಸಾಸಿನ ಮೆಕಿನ್ನಿಯ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಊಟಕ್ಕೆ ಕುಳಿತಿದ್ದರು. ಈ ದೇಶಕ್ಕೆ ಬಂದ ಮೇಲೆ ಊರ ಬಸ್ಸು ಹತ್ತಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಬಡಾವಣೆಯಲ್ಲಿ ಟಪಾಲು ಪೆಟ್ಟಿಗೆ ನೋಡಿ ಬರುವುದಕ್ಕೂ ಕಾರು ತೆಗೆಯುವವರಿದ್ದಾರೆ. ಅಂಥವರೆಲ್ಲ ಅಂದು ಊಟ ಬಿಟ್ಟು ಆಫ್ರಿಕಾದ ಬಸ್ಸುಗಳ ಬಗ್ಗೆ ನನಗೆ ಪಾಠ ಹೇಳಲು ಶುರುಮಾಡಿದರು.

ಹೋಗುವುದಕ್ಕೆ ಕಾರಣ ಒಂದು ಮದುವೆ. ಪಕ್ಕದ ಊರು ರಿಚರ್ಡ್‌ಸನ್ನಿನ ನಮ್ಮ ಆಫೀಸಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದವಳು ಕೆಲಸ ಬಿಟ್ಟು ತನ್ನ ಊರಾದ ಮೋಶಿಗೆ ವಾಪಸು ಹೋಗಿದ್ದಳು. ಅವಳ ಮಗಳ ಮದುವೆ. ಸಣ್ಣ ಸಣ್ಣದನ್ನೂ ಗಮನಿಸುವ ಹೆಂಗಸು ಅವಳು. ನನ್ನ ಮೇಜಿನ ಗಿಡ ಒಣಗುತ್ತಿದೆ ಎಂದೂ, ನನ್ನ ಕಾರಿನ ಹಿಂದಿನ ಎಡಗಡೆ ದೀಪ ಉರಿಯುತ್ತಿಲ್ಲ ಎಂದೂ ಅವಳೇ ಹೇಳಬೇಕಾಗಿತ್ತು. ಒಂದು ಫೆಬ್ರವರಿಯಲ್ಲಿ ರಸ್ತೆ ಹಿಮಗಟ್ಟಿದಾಗ ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಆಗ ಆಫೀಸಿನವರೆಲ್ಲರ ಸಹಿ ಹಾಕಿಸಿ ಕಾರ್ಡು ಕೊಟ್ಟವಳು ನಾನು. ನನ್ನ ಐವತ್ತಾರು ವರ್ಷದಲ್ಲಿ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಲ್ಲದೆ ನನ್ನನ್ನೇ ನೋಡಿ ಕರೆದ ಮದುವೆ ಅದೊಂದೇ. ಹೋಗದಿದ್ದರೆ ಅವಳನ್ನು ಗೆಳತಿ ಎಂದು ಕರೆಯುವ ಯೋಗ್ಯತೆ ನನಗಿಲ್ಲ ಅನ್ನಿಸಿತ್ತು.

ನಮ್ಮ ಯಜಮಾನರಿಗೆ ರಜೆ ಇರಲಿಲ್ಲ. “ಒಬ್ಬಾಕಿನ ಹೋಗ್ತೀ ಏನು?” ಎಂದರು.

“ಒಬ್ಬಾಕಿನ ಹೋಗ್ತೀನ್ರಿ,” ಎಂದೆ.

ಲಿಯಾಂಡರ್ ಎಂಬ ಊರಿನಿಂದ ಬಂದಿದ್ದ ಒಬ್ಬರು ಆಫ್ರಿಕಾದ ವಿಷಯದಲ್ಲಿ ನಮ್ಮವರಿಗೆಲ್ಲ ಗುರು. ಆಸ್ಟಿನ್ ಕಡೆಯ ಹತ್ತು ಸಂಸಾರ ಸೇರಿಕೊಂಡು, ಅಡುಗೆಯವರನ್ನೂ ಕರೆದುಕೊಂಡು ಸಫಾರಿಗೆ ಹೋಗಿ ಬಂದಿದ್ದರು. ದಿನಾ ಬಿಸಿಬೇಳೆ ಬಾತ್ ತಿಂದು, ಸಿಂಹಗಳನ್ನೂ ಮನುಷ್ಯರನ್ನೂ ವ್ಯಾನಿನ ಒಂದೇ ಕಿಟಕಿಯಿಂದ ನೋಡಿ, ಆ ಖಂಡವೇ ಅರ್ಥವಾಯಿತು ಎಂದುಕೊಂಡು ಮರಳಿದವರು.

“ನಾನು ಹೋಗ್ಬಂದಿದೀನಿ, ಅದಕ್ಕೇ ಹೇಳ್ತಿದೀನಿ ಮೇಡಂ. ಏನಾದ್ರೂ ಮಾಡಿ, ಬಸ್ ಮಾತ್ರ ಹತ್ತಬೇಡಿ. ಯಾರ ಮುಖಾನೂ ನೇರವಾಗಿ ನೋಡಬೇಡಿ.”

“ನೀವು ಅಲ್ಲಿ ಬಸ್ ಹತ್ತಿದ್ರೇನ್ರಿ?”

“ಛೆ ಛೆ, ನಮ್ದೆಲ್ಲಾ ಪ್ಯಾಕೇಜು.”

ಅವರ ಪಕ್ಕದಲ್ಲಿ ಹ್ಯೂಸ್ಟನ್ನಿನಿಂದ ವಾರಾಂತ್ಯಕ್ಕೆ ಬಂದ ಅಕ್ಕ ಒಬ್ಬರಿದ್ದರು. ತಾಳಿಯನ್ನು ಮನೆಯಲ್ಲೇ ಬಿಚ್ಚಿಟ್ಟು ಒನ್ ಗ್ರಾಂ ಗೋಲ್ಡಿನದನ್ನು ಹಾಕಿಕೊಂಡು ಹೋಗಬೇಕು ಎಂಬುದು ಅವರ ಅಪ್ಪಣೆ. “ಯಾರಾದ್ರೂ ಕೇಳಿದ್ರೆ ಗಂಡ ಹಿಂದಿನ ಸೀಟಲ್ಲಿದಾರೆ ಅಂದ್ಬಿಡಿ,” ಎಂದು ಉಪಾಯವನ್ನೂ ಹೇಳಿಕೊಟ್ಟರು. ಮಂಗಳಸೂತ್ರ ನಕಲಿ, ಹಿಂದಿನ ಸೀಟಿನ ಗಂಡನೂ ನಕಲಿ. ಇಷ್ಟು ಸುಳ್ಳು ಕಟ್ಟಿಕೊಂಡು ಹೊರಟವಳು ಎಲ್ಲಿಯಾದರೂ ಸುರಕ್ಷಿತವಾಗಿರುತ್ತಾಳೆಂದು ಅವರಿಗೆ ಹೇಗೆ ಅನ್ನಿಸಿತೋ ತಿಳಿಯದು.

ನನ್ನ ಲೈವ್ ಲೊಕೇಶನ್ ನೋಡಲೆಂದೇ ಒಂದು ವಾಟ್ಸಾಪ್ ಗುಂಪು ಮಾಡಿದರು. ಹಾಗಾದರೆ ಮಾತ್ರ ಕಳಿಸುತ್ತೇನೆಂದು ಯಜಮಾನರು ಹಟ ಹಿಡಿದರು. ನಾನೂ ಒಪ್ಪಿಕೊಂಡೆ. ಹದಿನಾಲ್ಕು ಜನ ಫೋನಿನಲ್ಲಿ ಒಂದು ಚುಕ್ಕಿಯನ್ನು ನೋಡುತ್ತಾ ಕೂತರೆ ನನ್ನ ಮೈಮೇಲೆ ಕವಚ ಬರುತ್ತದೆ ಎಂಬ ಮೂರ್ಖತನದಲ್ಲಿ ನನ್ನ ಪಾಲೂ ಇದೆ.

ದಾರ್ ಎಸ್ ಸಲಾಮಿನಲ್ಲಿ ಇಳಿದು, ಮಾರನೆಯ ಬೆಳಿಗ್ಗೆ ಮೋಶಿಯ ಬಸ್ಸು ಹತ್ತಿದೆ. ಕಂಡಕ್ಟರು ನನ್ನನ್ನು ಒಮ್ಮೆ ನೋಡಿ, ನನ್ನ ಸೀಟು ಬದಲಿಸಿ, ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಹಿರಿಯ ಹೆಂಗಸಿನ ಪಕ್ಕ ಕೂರಿಸಿದ. ಆಕೆ ನನಗೆ ಒಂದು ಬಾಳೆಹಣ್ಣು ಕೊಟ್ಟು, ನಾನು ತಿನ್ನುವತನಕ ಮುಖ ನೋಡುತ್ತಿದ್ದಳು. ನೇರವಾಗಿಯೇ ನೋಡುತ್ತಿದ್ದಳು, ನಾನೂ ನೋಡಿದೆ. ದಾರಿಯಲ್ಲಿ ಒಂದು ಸೇತುವೆಯ ದುರಸ್ತಿಯಿಂದ ಬಸ್ಸು ತಡವಾಯಿತು. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು. ಸತ್ತರೆ ಸಾಯಲಿ ಎಂದು ಅದನ್ನು ಚೀಲಕ್ಕೆ ಹಾಕಿ ನಿದ್ದೆ ಹೋದೆ.

ಇತ್ತ ಟೆಕ್ಸಾಸಿನಲ್ಲಿ ನನ್ನ ಚುಕ್ಕಿ ರಸ್ತೆಯ ನಡುವೆ ನಿಂತುಹೋಗಿತ್ತು. ನನ್ನನ್ನು ಎತ್ತಿಕೊಂಡು ಹೋಗಿದ್ದಾರೆಂದು ಲಿಯಾಂಡರಿನ ಗುರುಗಳು ತೀರ್ಪು ಕೊಟ್ಟರಂತೆ. ಹ್ಯೂಸ್ಟನ್ನಿನ ಅಕ್ಕ ಹರಕೆ ಹೊತ್ತುಕೊಂಡರಂತೆ. ಯಜಮಾನರೊಬ್ಬರಿಗೆ ಮಾತ್ರ ಬುದ್ಧಿ ನೆಟ್ಟಗಿತ್ತು. ಅವರು ನನ್ನ ಗೆಳತಿಗೇ ಫೋನ್ ಮಾಡಿದರು. ಬಸ್ಸು ತಡವಾಗಿದೆ, ತಾನು ಮೂರು ಗಂಟೆಯಿಂದ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದೇನೆ ಎಂದಳಂತೆ ಅವಳು.

ಮೋಶಿಯಲ್ಲಿ ಇಳಿದಾಗ ಅವಳು ಛತ್ರಿ ಹಿಡಿದು ನಿಂತಿದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಮನೆಯಲ್ಲಿ ಮದುವೆ ಇಟ್ಟುಕೊಂಡು ಯಾಕೆ ಬಂದೆ? ನಾನು ಟ್ಯಾಕ್ಸಿ ಮಾಡಿಕೊಂಡು ಬರ್ತಿದ್ದೆ.”

“ನಿನಗೆ ಹೊಸ ಊರು. ಒಬ್ಬಳೇ ಬೇರೆ,” ಎಂದು ಅವಳು ನನ್ನ ಪೆಟ್ಟಿಗೆಯನ್ನು ಬಲಗೈಯಲ್ಲಿ ಎತ್ತಿಕೊಂಡಳು. ಎಡಗೈ ಪೂರ್ತಿ ಚಾಚುತ್ತಿರಲಿಲ್ಲ.

“ಇನ್ನೂ ಸರಿ ಹೋಗಿಲ್ವಾ?”

“ಹೋಗಲ್ಲ ಅಂದರು ಡಾಕ್ಟರು. ಆ ದಿನ ರೈಲು ತಪ್ಪುತ್ತೆ ಅಂತ ಬೇಗ ಬೇಗ ನಡೆದೆ, ನನ್ನದೇ ತಪ್ಪು.”

ಅಲ್ಲಿಯವರೆಗೆ ಅವಳು ಕಾರಿನಿಂದ ಇಳಿಯುವಾಗ ಜಾರಿದಳು ಎಂದುಕೊಂಡಿದ್ದೆ. ಅವಳಿಗೆ ಕಾರೇ ಇರಲಿಲ್ಲ. ಆಫೀಸಿನಿಂದ ರಿಚರ್ಡ್‌ಸನ್ನಿನ ರೈಲು ಸ್ಟೇಷನ್ನಿಗೆ ಇಪ್ಪತ್ತೈದು ನಿಮಿಷ ನಡೆಯುತ್ತಿದ್ದಳು, ನಾಲ್ಕು ವರ್ಷ, ದಿನಾ ಎರಡು ಹೊತ್ತು. ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದೆರಡು ಸಲ ರಸ್ತೆಯ ಅಂಚಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವುದನ್ನು ಕಂಡಿದ್ದೆ. ವಾಕಿಂಗ್ ಮಾಡುತ್ತಾಳೆ, ಮೈ ಗಟ್ಟಿ ಇಟ್ಟುಕೊಂಡಿದ್ದಾಳೆ, ನಾವೂ ಮಾಡಬೇಕು ಎಂದು ಮೆಚ್ಚಿಕೊಂಡು ಕಾರು ಓಡಿಸಿದ್ದೆ. ಆಗಸ್ಟಿನ ಬಿಸಿಲಿನಲ್ಲಿ ಯಾರು ವಾಕಿಂಗ್ ಮಾಡುತ್ತಾರೆ? ಮೂರು ದಿನದ ಮದುವೆಯಲ್ಲಿ ಕುಣಿದೆ, ಉಂಡೆ. ಇದನ್ನು ಮಾತ್ರ ಅವಳ ಮುಂದೆ ಎತ್ತುವ ಧೈರ್ಯ ಬರಲಿಲ್ಲ.

ವಾಪಸು ಬಂದ ವಾರವೇ ಮತ್ತೆ ಊಟ, ಮತ್ತೆ ಅದೇ ಜನ. “ಬಸ್ ಹತ್ತಲಿಲ್ಲ ತಾನೆ?” ಎಂದರು ಗುರುಗಳು. ಹತ್ತಿದೆ ಎಂದೆ. ಅದೃಷ್ಟ ಚೆನ್ನಾಗಿತ್ತು ಅಂದರು. ತಾಳಿ ಯಾವುದು ಹಾಕಿಕೊಂಡಿದ್ದಿರಿ ಎಂದು, ಈ ಸಲ ಬಾರದಿದ್ದ ಹ್ಯೂಸ್ಟನ್ನಿನ ಅಕ್ಕ ಫೋನಿನಲ್ಲಿ ಕೇಳಿದರು. ಮೈಯೆಲ್ಲ ಉರಿದುಹೋಯಿತು. ಆದರೆ ಬೈಯಲು ಬಾಯಿ ತೆರೆದರೆ ಮೊದಲ ಬೈಗುಳ ಎಲ್ಲಿಗೆ ಬಂದು ಬೀಳುತ್ತದೆಂದು ಗೊತ್ತಿದ್ದುದರಿಂದ, ಗುರುಗಳಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ಮರುದಿನ ಸಂಜೆ ಆಫೀಸಿನಲ್ಲೇ ಕಾರು ಬಿಟ್ಟು ಸ್ಟೇಷನ್ನಿನವರೆಗೆ ನಡೆದೆ. ನವೆಂಬರು, ಬೇಗ ಕತ್ತಲಾಗುತ್ತಿತ್ತು. ಅರ್ಧ ದಾರಿಗೆ ಫುಟ್‌ಪಾತ್ ಮುಗಿದು ಹುಲ್ಲು ಶುರುವಾಯಿತು. ಹುಲ್ಲಿಗಿಳಿದರೆ ಕೆಂಪಿರುವೆ ಗೂಡು, ರಸ್ತೆಗೆ ಬಂದರೆ ಹಾರನ್ನು. ಒಬ್ಬ ಕಿಟಕಿ ಇಳಿಸಿ ಏನೋ ಕೂಗಿಕೊಂಡು ಹೋದ. ನನ್ನ ನೆಲದಲ್ಲಿ, ನನ್ನ ಆಫೀಸಿನ ಎದುರಿನ ರಸ್ತೆಯಲ್ಲಿ, ಮೊದಲ ಬಾರಿ ಎದೆ ಹೊಡೆದುಕೊಂಡಿತು. ದಾರ್ ಎಸ್ ಸಲಾಮಿನಲ್ಲಿ ಹೀಗಾಗಿರಲಿಲ್ಲ.

ಫೋನು ಗುಂಯ್‌ಗುಟ್ಟಿತು. ಅದೇ ಗುಂಪು, ಇನ್ನೂ ಮುಚ್ಚಿರಲಿಲ್ಲ. ಅದರಲ್ಲಿದ್ದ ಒಬ್ಬರು ಬರೆದಿದ್ದರು: “ಈಗಷ್ಟೇ ನಿಮ್ಮನ್ನ ರೋಡಲ್ಲಿ ನೋಡ್ದೆ. ನಡ್ಕೊಂಡು ಹೋಗ್ತಿದ್ರಿ. ಕಾರ್ ಕೆಟ್ಟೋಯ್ತಾ? ಆಲ್ ಓಕೆ?” ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬೀಳತೊಡಗಿದವು. ನಿಲ್ಲಿಸಿ ಹತ್ತಿಸಿಕೊಳ್ಳಲು ಆ ಮಹಾಶಯರಿಗೆ ಆಗಲಿಲ್ಲ. ಮನೆ ಮುಟ್ಟುವ ಮೊದಲೇ ಗುಂಪಿಗೆ ಬರೆಯಲು ಆಗಿತ್ತು.

ಅವರ ಕಾರು ಯಾವುದಿರಬಹುದೆಂದು ತಲೆಯೆತ್ತಿ ಹುಡುಕಿದೆ. ಗೊತ್ತಾಗಲಿಲ್ಲ. ರಸ್ತೆಯ ಅಂಚಿನಲ್ಲಿ ನಡೆಯುವವರಿಗೆ ಕಾರುಗಳ ಮುಖ ಕಾಣುವುದಿಲ್ಲ, ದಾಟಿ ಹೋದ ಮೇಲೆ ಹಿಂದಿನ ಕೆಂಪು ದೀಪಗಳಷ್ಟೇ ಕಾಣುತ್ತವೆ. ಅಲ್ಲಿಯೇ ನಿಂತುಬಿಟ್ಟೆ. ನಿನ್ನ ಕಾರಿನ ಹಿಂದಿನ ಎಡಗಡೆ ದೀಪ ಉರಿಯುತ್ತಿಲ್ಲ, ಯಾರಾದರೂ ಬಂದು ಗುದ್ದಿಯಾರು, ಜೋಪಾನ ಎಂದು ಗೆಳತಿ ಒಂದು ದಿನ ಬೆಳಿಗ್ಗೆ ಆಫೀಸಿನಲ್ಲಿ ಹೇಳಿದಾಗ ನಾನು ಥ್ಯಾಂಕ್ಸ್ ಎಂದಿದ್ದೆ. ಮಧ್ಯಾಹ್ನವೇ ದೀಪ ಹಾಕಿಸಿಕೊಂಡಿದ್ದೆ. ಅದನ್ನು ಅವಳು ಎಲ್ಲಿ ನಿಂತು ನೋಡಿದಳೆಂದು ಕೇಳಿರಲಿಲ್ಲ.