ಇನಾಸ್ ಮಾಮನ ಥ್ಯಾಂಕ್ಸ್

ಇನಾಸ್ ಮಾಮ ಥ್ಯಾಂಕ್ಸ್ ಹೇಳಲು ಹೊರಟರೆಂದರೆ ನನ್ನ ಒಂದು ರಜೆ ಹಾಳಾಯಿತೆಂದೇ ಲೆಕ್ಕ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೇಕಿನ ಡಬ್ಬಿ, ಮುಖದಲ್ಲಿ ಮದುವೆಗೆ ಕರೆಯಲು ಹೊರಟವರ ಕಳೆ. ನನ್ನ ಸ್ಕೂಟರಿನ ಹಿಂದೆ ಕೂತು ಬೆನ್ನು ತಟ್ಟಿ, "ಹೊಡಿ ಗಾಡಿ" ಅನ್ನುವರು. ನನ್ನ ತಾಯಿಯ ಅಣ್ಣ. ಒಲ್ಲೆ ಎನ್ನುವ ಹಾಗಿರಲಿಲ್ಲ.

ಕಾರವಾರದ ಹಬ್ಬುವಾಡದಲ್ಲಿ ನಮ್ಮ ಮನೆಗಳು ಅಕ್ಕಪಕ್ಕ. ಇಗರ್ಜಿಯ ಹಬ್ಬದ ಸಂಜೆ ಮೇರಿ ಮಾತೆಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು, ಹಾಡುತ್ತ, ಬೀದಿಯಲ್ಲಿ ಮೆರವಣಿಗೆ ಹೋಗುತ್ತೇವೆ. ನಾನು ಹುಟ್ಟುವ ಮೊದಲಿನಿಂದಲೂ ನಡೆದುಬಂದದ್ದು, ಅದರಲ್ಲಿ ಹೊಸತೇನೂ ಇಲ್ಲ. ಆದರೆ ಮರುದಿನ ಮಾಮ ಆ ಬೀದಿಯ ಮನೆಮನೆಗೂ ಹೋಗಿ, "ದಾರಿ ಬಿಟ್ರಲ್ಲ, ದೇವ್ ಬರೇಂ ಕರುಂ" ಎಂದು ಕೈಮುಗಿದು ಕೇಕು ಕೊಡಬೇಕು. ದೇವರು ಒಳ್ಳೇದು ಮಾಡಲಿ ಅಂತ ಅದರರ್ಥ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಥ್ಯಾಂಕ್ಸ್ ಹೇಳುವುದೇ ಹಾಗೆ.

ಒಂದು ವರ್ಷ ಅಂಕೋಲೆಯ ಬಸ್ಸೊಂದು ಮೆರವಣಿಗೆ ದಾಟುವವರೆಗೆ ಹಾರ್ನ್ ಹೊಡೆಯದೆ ನಿಂತಿತು. ಆ ಡ್ರೈವರನಿಗೂ ಥ್ಯಾಂಕ್ಸ್ ಹೇಳಲೇಬೇಕಂತೆ! ಉರಿಬಿಸಿಲಲ್ಲಿ ಬಿಣಗಾ ದಾಟಿ, ತೋಡೂರು ದಾಟಿ, ಅಂಕೋಲೆಯ ಬಸ್‌ಸ್ಟ್ಯಾಂಡಿನವರೆಗೆ ಹೋದೆವು. ಚಹಾ ಕುಡಿಯುತ್ತಿದ್ದ ಡ್ರೈವರ್ ಕೇಕು ಹಿಡಿದುಕೊಂಡು ತಬ್ಬಿಬ್ಬಾದ.

"ಎದ್ರಿಗೆ ಜನ ಇದ್ರೆ ಬ್ರೇಕ್ ಹಾಕ್ಲೇಬೇಕಲ್ರಾ. ಮೈಮೇಲೆ ಹತ್ಸೂಕಾಗ್ತದ್ಯಾ?"

ಸುತ್ತಲಿನವರೆಲ್ಲ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮಾಮನೂ ನಕ್ಕು, ಅವನಿಗೆ ಇನ್ನೊಂದು ತುಂಡು ಕೊಟ್ಟರು.

ವಾಪಸು ಬರುವಾಗ ತಡೆಯಲಾಗದೆ ಗಾಡಿ ನಿಲ್ಲಿಸಿ ಕೂಗಾಡಿದೆ. "ನಾವೇನು ಇಲ್ಲಿ ನೆಂಟರಾ ಮಾಮ? ಅಜ್ಜ, ಮುತ್ತಜ್ಜ ಎಲ್ಲ ಇದೇ ಮಣ್ಣಿಗೆ ಹೋದವರು. ಸ್ವಂತ ಊರಲ್ಲಿ ನಡೆಯೂಕೆ ಯಾರಿಗೆ ಯಾಕೆ ಥ್ಯಾಂಕ್ಸ್? ನೀವು ಹೀಗೆ ಹೇಳ್ತಾ ಹೋದ್ರೆ ನಾಳೆ ಅವರೂ ನಮ್ಮನ್ನ ಹೊರಗಿನವರು ಅಂತ್ಲೇ ತಿಳೀತಾರೆ!"

ಮಾಮ ಮರಳುಗಾಡಿನ ದೇಶವೊಂದರಲ್ಲಿ ಬಹಳ ವರ್ಷ ಮೆಸ್ಸಿನ ಅಡುಗೆಯವರಾಗಿದ್ದವರು. ಅಲ್ಲಿ ಪ್ರಾರ್ಥನೆ ಕದ್ದುಮುಚ್ಚಿ. ಅಡುಗೆಮನೆಯ ಬಾಗಿಲು ಹಾಕಿ, ದನಿ ಹೊರಗೆ ಕೇಳದಂತೆ ನಲ್ಲಿ ಬಿಟ್ಟು.

"ಅಲ್ಲಿ ಎಲ್ರಿಗೂ ಸಲಾಂ ಹೊಡ್ದೆ ಬಾಬಾ, ಹೆದ್ರಿಕೊಂಡು. ಒಬ್ಬನಿಗೂ ದೇವ್ ಬರೇಂ ಕರುಂ ಹೇಳ್ಬೇಕು ಅಂತ ಕಾಣ್ಲಿಲ್ಲ. ಇಲ್ಲಿ ಹೆದ್ರಿಕೆ ಇಲ್ಲ, ಅದ್ಕೇ ಹೇಳುದು. ನಿಂಗೆ ತಿಳೂದಿಲ್ಲ. ಹೊಡಿ ಗಾಡಿ."

ಇಂಥವರ ಜೊತೆ ವಾದ ಮಾಡುವುದುಂಟೇ?

ಹೋದ ವರ್ಷ ಹಬ್ಬದ ಹೊತ್ತಿಗೆ ಫೋನಿನಲ್ಲಿ ಏನೇನೋ ಸುದ್ದಿ ಹರಿದಾಡಿತು. ಎಲ್ಲಿಯೋ ಪ್ರಾರ್ಥನೆಗೆ ತಡೆ ಮಾಡಿದರಂತೆ, ಎಲ್ಲಿಯೋ ಗಲಾಟೆಯಂತೆ. ಇಗರ್ಜಿಯ ಸಭೆಯಲ್ಲಿ, ಈ ಸಲ ಬೀದಿ ಬೇಡ, ಕಂಪೌಂಡಿನೊಳಗೇ ಒಂದು ಸುತ್ತು ಹಾಕಿದರೆ ಸಾಕು ಎಂದರು. ನಾನೂ ಹೌದೆಂದೆ. ಕಾಲು ಬಾತು ನಡೆಯಲಾಗದ ಮಾಮ ಬೆಂಚು ಹಿಡಿದು ಎದ್ದರು.

"ಒಳಗೇ ಸುತ್ತುದಾದ್ರೆ ನಾ ವಾಪಸ್ ಯಾಕೆ ಬಂದೆ? ಅಲ್ಲೂ ಒಳಗೇ ಮಾಡ್ತಿದ್ವಿ. ಸಂಬ್ಳನಾದ್ರೂ ಚಲೋ ಇತ್ತು!"

ಸಭೆ ನಕ್ಕಿತು, ಮಾಮ ನಗಲಿಲ್ಲ. ಕೊನೆಗೆ ಪಾದ್ರಿಗಳು, ಬೀದಿಯವರನ್ನೇ ಒಂದು ಮಾತು ಕೇಳಿ ನೋಡಿ ಎಂದರು. ಅಂದರೆ ಮತ್ತೆ ನನ್ನ ಸ್ಕೂಟರು! ಮೊದಲು ಸಿಕ್ಕಿದ್ದು ಮೀನು ಮಾರುವ ಸೀತಕ್ಕ. ವಿಷಯ ಕೇಳಿ ಆಕೆಗೆ ಸಿಟ್ಟೇ ಬಂತು.

"ರಸ್ತೆ ನಂದಾ ಇನಾಸಣ್ಣ, ನನ್ನ ಕೇಳೂಕೆ? ಬಾಗ್ಲಿಗೆ ರಂಗೋಲಿ ಹಾಕುದಾ ಬ್ಯಾಡ್ದಾ, ಅಷ್ಟು ಹೇಳಿ. ನಂಗೆ ಬುಟ್ಟಿ ತೊಳೂದದೆ."

ಉಳಿದ ಮನೆಗಳಲ್ಲೂ ಬೇಡವೆಂದವರಿಲ್ಲ. ಒಬ್ಬರು ಮಾತ್ರ ಏನೂ ಹೇಳದೆ ಒಳಗೆ ಹೋದರು. ನನಗೆ ಆ ಒಬ್ಬರೇ ಸಾಕಾಯಿತು. ಹಬ್ಬದ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ.

ಮೆರವಣಿಗೆ ಹೊರಟಿತು. ಮೂರ್ತಿ ಹೊತ್ತ ನಾಲ್ವರಲ್ಲಿ ನಾನೂ ಒಬ್ಬ. ಹಾಡನ್ನು ಮೆಲ್ಲಗೆ ಗುನುಗುತ್ತಿದ್ದೆ. ಅತ್ತಿತ್ತ ನೋಡದೆ, ಬೇಗ ಮುಗಿದರೆ ಸಾಕೆಂದು ತಲೆ ತಗ್ಗಿಸಿ ದಾಪುಗಾಲು ಹಾಕುತ್ತಿದ್ದೆವು. ಹಿಂದಿದ್ದ ಹೆಂಗಸರು, ಮಕ್ಕಳು ಓಡಿ ಓಡಿ ಬರುತ್ತಿದ್ದರು. ಮಾಮನನ್ನು ಸೀತಕ್ಕನ ಮನೆಯೆದುರು ಕುರ್ಚಿ ಹಾಕಿ ಕೂರಿಸಿದ್ದೆವು. ನಾಲ್ಕು ದಿನ ಬಿಟ್ಟು ಅವರು ತೀರಿಕೊಂಡರು. ನನಗೆ ನೆನಪಿರುವ ಅವರ ಕೊನೆಯ ಮಾತು ಆ ಕುರ್ಚಿಯಿಂದ ಬಂದದ್ದೇ. ಇಡೀ ಬೀದಿಗೆ ಕೇಳುವ ಹಾಗೆ ನನ್ನ ಹೆಸರು ಹಿಡಿದು ಕೂಗಿದರು.

"ಏ ರೊಸಾರ್! ಯಾಕೋ ಓಡ್ತೆ? ಕದ್ದುಕೊಂಡು ಹೋಗ್ತಾ ಇದ್ದೀಯೇನು ತಾಯೀನ? ನಿಧಾನ ನಡಿ. ನಮ್ಮದೇ ರಸ್ತೆ!"

ಅಷ್ಟು ಜನರೆದುರು! ಮೈಯೆಲ್ಲ ಉರಿಯಿತು. ತಿರುಗಿ ಏನಾದರೂ ಅನ್ನೋಣವೆಂದರೆ ಹೆಗಲ ಮೇಲೆ ಮೂರ್ತಿ.

ನಿಧಾನ ಮಾಡಿದೆ. ಉಳಿದ ಮೂವರೂ ನಿಧಾನ ಮಾಡಿದರು.