ಇಪ್ಪತ್ಮೂರನೇ ಸೀಸೆಯ ಮಬ್ಬು

ಬೆಳಗಿನ ಆರು ಗಂಟೆ. ಅಥಣಿಯ ಹೊರವಲಯದಲ್ಲಿರುವ ಫಾರ್ಮಸಿ ಕಾಲೇಜಿನ ಪ್ರಯೋಗಾಲಯ. ಅಟೆಂಡರ್ ಸಾವಕ್ಕ ಫ್ರಿಜ್ಜಿನಿಂದ ಹೆಬ್ಬೆರಳುದ್ದದ ಸೀಸೆಯೊಂದನ್ನು ತೆಗೆದು, ಒಣಬಟ್ಟೆಯಿಂದ ಒರೆಸಿ, ಕಪ್ಪು ರಟ್ಟಿನ ಮುಂದೆ ಹಿಡಿಯುತ್ತಾರೆ. ‘ತಿಳಿ ಐತಿ’ ಎಂದು ತಮಗೆ ತಾವೇ ಹೇಳಿಕೊಂಡು ರಜಿಸ್ಟರಿನಲ್ಲಿ ಬರೆಯುತ್ತಾರೆ. ಇನ್ನೂ ಮೂವತ್ತೈದು ಸೀಸೆ ಬಾಕಿ.

ಒಳಗಿರುವುದು ಮೈಕ್ರೋಎಮಲ್ಷನ್. ನೀರಿನಲ್ಲಿ ಕರಗದ ಔಷಧವನ್ನು ಎಣ್ಣೆಯಲ್ಲಿ ಕರಗಿಸಿ, ಆ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನಲ್ಲಿ ಹಿಡಿದಿಡುವ ದ್ರವ. ನೋಡಲು ನೀರಿನಷ್ಟೇ ತಿಳಿ. ಔಷಧ ಮೈಗೆ ಚೆನ್ನಾಗಿ ಹತ್ತುತ್ತದೆ. ಮೂರ್ಛೆರೋಗದ ಮಕ್ಕಳಿಗಾಗಿ ಇಂಥದೊಂದು ಹನಿಮದ್ದು ರೂಪಿಸುತ್ತಿರುವವರು ನಿಪ್ಪಾಣಿಯ ಸಂಶೋಧಕಿ ಶುಭಾಂಗಿ. ಚಳಿಗೆ ಕೆಡದೆ ಉಳಿಯುತ್ತದೆಯೇ ಎಂದು ತಿಂಗಳುಗಟ್ಟಲೆ ಫ್ರಿಜ್ಜಿನಲ್ಲಿಟ್ಟು ದಿನವೂ ನೋಡುತ್ತಾರೆ; ದ್ರವ ಮಬ್ಬಾಯಿತೆಂದರೆ ಹದ ಕೆಟ್ಟಿತೆಂದೇ ಲೆಕ್ಕ.

ಉಗಾರ ಬುದ್ರುಕದಲ್ಲಿ ಹುಟ್ಟಿದ ಸಾವಕ್ಕನಿಗೆ ಈಗ ಐವತ್ತೆರಡು. ಓದಿದ್ದು ಏಳನೆಯ ತರಗತಿ. ಗಂಡ ತೀರಿಕೊಂಡ ವರ್ಷ ಗಾಜಿನ ಸಾಮಾನು ತೊಳೆಯಲು ಇಲ್ಲಿಗೆ ಬಂದವರು. ಹನ್ನೊಂದು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ, ಫ್ರಿಜ್ಜಿನಿಂದ ತೆಗೆದ ಇಪ್ಪತ್ಮೂರನೇ ಸೀಸೆ ಅವರಿಗೆ ಅಕ್ಕಿ ತೊಳೆದ ನೀರಿನ ಹಾಗೆ ಕಂಡಿತು. ‘ಮಬ್ಬು’ ಎಂದು ಬರೆದರು. ಶುಭಾಂಗಿ ಬರುವಾಗ ಹತ್ತು ಗಂಟೆ. ಅಷ್ಟರಲ್ಲಿ ಸೀಸೆಯ ತಂಪು ಇಳಿದು ದ್ರವ ಮತ್ತೆ ತಿಳಿಯಾಗಿತ್ತು. ಆರು ತಿಂಗಳ ಶ್ರಮದ ವರದಿ ವಾರದಲ್ಲಿ ಹೋಗಬೇಕಿತ್ತು.

‘ಸಾವಕ್ಕಾ, ಥಂಡಿ ಸೀಸೆ ಮ್ಯಾಲೆ ಹೊರಗ ನೀರ ಕುಂತಿರಬೇಕ್ರಿ. ಆ ಬರದದ್ದನ್ನ ಹೊಡದ ಹಾಕ್ರಿ’ ಎಂದರು ಶುಭಾಂಗಿ.

‘ಒರಸೇ ನೋಡೀನ್ರಿ ಮೇಡಂ. ಒಳಗ ಇತ್ರಿ.’

ಬರೆದದ್ದನ್ನು ಸಾವಕ್ಕ ಹೊಡೆದುಹಾಕಲಿಲ್ಲ, ನಿಜ. ಆದರೆ ತಮ್ಮ ಕಣ್ಣಿನ ಮೇಲೇ ಅನುಮಾನ ಬಂತು. ‘ಕಣ್ಣಿಗೆ ಪೊರೆ ಬಂದೈತೇನೋ ಅಂತ ಅಂಜಿಕಿ ಆತ್ರಿ. ಕಣ್ಣ ಹೋದ್ರ ಈ ಕೆಲಸಾನೂ ಹೋಗತೈತಿ’ ಎನ್ನುತ್ತಾರೆ ಅವರು. ರಜೆ ಹಾಕಿ ಮಿರಜಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರು. ಕಣ್ಣಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೆ ಅಂಜಿಕೆ ಇನ್ನೂ ಹೆಚ್ಚಿತು. ಹಾಗಾದರೆ ಕೆಟ್ಟಿರುವುದು ಮದ್ದೇ.

ಮರುದಿನ ಶುಭಾಂಗಿಯವರ ಮುಂದೆ ನಿಂತು, ‘ಇನ್ನೊಮ್ಮೆ ಥಂಡಿಯೊಳಗ ಇಡ್ರಿ. ನಾಳೆ ಆರಕ್ಕ ನೀವ ಬಂದ ನೋಡ್ರಿ’ ಎಂದರು. ಮೇಡಂಗೆ ಹೀಗೆ ಮಾಡಿರೆಂದು ಹೇಳಿದ್ದು ಅದೇ ಮೊದಲು.

ಶುಭಾಂಗಿ ಬಂದರು. ಸೀಸೆಯನ್ನು ಹೊರತೆಗೆದು, ಒರೆಸಿ, ತಾವೇ ಕಪ್ಪು ರಟ್ಟಿನ ಮುಂದೆ ಹಿಡಿದರು. ಮಬ್ಬು ಎದ್ದು ಕಾಣುತ್ತಿತ್ತು.

‘ಥಂಡಿಗೆ ಔಷಧ ಎಣ್ಣಿ ಬಿಟ್ಟ ಹೊರಗ ಬರಾಕತ್ತಿತ್ತು’ ಎಂದು ಶುಭಾಂಗಿ ವಿವರಿಸುತ್ತಾರೆ. ‘ಹಂಗ ಬಿಟ್ಟಿದ್ರ ಚಳಿಗಾಲದಾಗ ಒಂದ ಕೂಸಿಗೆ ಔಷಧ ಹೆಚ್ಚ ಹೋಗತಿತ್ತು, ಇನ್ನೊಂದಕ್ಕ ಕಡಿಮಿ. ಅವರ ಬರದದ್ದನ್ನ ನಾ ಹೊಡದ ಹಾಕ ಅಂದಿದ್ದೆ. ಅದು ಇನ್ನೂ ಚುಚ್ಚತೈತಿ.’

ವರದಿ ಹೋಗಲಿಲ್ಲ. ಎಣ್ಣೆಯ ಪ್ರಮಾಣ ಬದಲಿಸಿ ಮೊದಲಿನಿಂದ ಶುರುಮಾಡಿದರು. ರಜಿಸ್ಟರಿನಲ್ಲಿ ‘ನೋಡಿದವರು’ ಎಂಬ ಹೊಸ ಕಾಲಂ ಬಂತು. ಅಲ್ಲಿ ದಿನವೂ ಸಾವಕ್ಕನ ಸಹಿ. ಹೊಸ ಸೀಸೆಗಳಿಗೆ ಈಗ ನಾಲ್ಕು ತಿಂಗಳು. ಪರೀಕ್ಷೆ ಮುಗಿಯಲು ಇನ್ನೆರಡು ಬೇಕು. ಕರೆಂಟು ಹೋದರೆ ಸಾವಕ್ಕನಿಗೆ ಚಿಂತೆ. ಫ್ರಿಜ್ಜಿನ ಬಾಗಿಲು ಹಾಕಿದ ಮೇಲೂ ಎರಡೆರಡು ಸಲ ಒತ್ತಿ ನೋಡುತ್ತಾರೆ.

‘ಎಲ್ಲಾ ತಿಳಿಯಾಗೇ ಉಳೀಲಿ ಅಂತ ಆಸೆ ಐತ್ರಿ’ ಎನ್ನುತ್ತ ಸಾವಕ್ಕ ಮುಂದಿನ ಸೀಸೆಗೆ ಕೈ ಹಾಕುತ್ತಾರೆ. ‘ಆದ್ರ ಮಬ್ಬ ಕಂಡ್ರ ಮಬ್ಬ ಅಂತನ ಬರಿಯಾಕಿ ನಾ.’