ಬಾಗಿಲ ಹೊರಗಿನ ಪೊರಕೆ

ಪುರಸಭೆಯ ಆ ನಾಲ್ಕು ಮಹಡಿಯ ವಸತಿಗೃಹದಲ್ಲಿ ಬಾಡಿಗೆ ವಸೂಲಿಗೆ ಬರುವವಳನ್ನು ಎಲ್ಲರೂ ಬಾಡಿಗೆಯಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಜೋರು, ಮನಸ್ಸು ಬೆಣ್ಣೆ. ಅಲ್ಲಿನ ಬಾಡಿಗೆಯೋ ತೀರಾ ಕಮ್ಮಿ, ಸುಣ್ಣಬಣ್ಣಕ್ಕೂ ಸಾಲದು. ದೊಡ್ಡ ರಿಪೇರಿಯೆಲ್ಲ ಸರ್ಕಾರದ ಸಹಾಯಧನದಿಂದಲೇ ಆಗಬೇಕು.

ಅಲ್ಲಿನ ಹೆಂಗಸರಿಗೂ ಅವಳಿಗೂ ಮೊದಲಿನಿಂದ ಒಂದು ಒಳಒಪ್ಪಂದವಿತ್ತು. ಕೈ ಖಾಲಿಯಾದ ತಿಂಗಳು ಪೊರಕೆಯನ್ನು ಬಾಗಿಲ ಹೊರಗೆ ಒರಗಿಸಿಟ್ಟರೆ ಸಾಕು. ಅಕ್ಕ ಅದನ್ನು ನೋಡಿ, ಒಂದು ಸಲ ಕೆಮ್ಮಿ, ಮುಂದಿನ ಮನೆಗೆ ನಡೆಯುತ್ತಿದ್ದಳು. ಕೈಗೆ ದುಡ್ಡು ಬಂದಾಗ ಹೆಂಗಸರೇ ಆ ಬಾಕಿ ತೀರಿಸುತ್ತಿದ್ದರು. ಇಲ್ಲ ಎಂದು ಬಾಯಿಬಿಟ್ಟು ಹೇಳುವ ಅವಮಾನ ಯಾರಿಗೂ ಇರಲಿಲ್ಲ. ಗಂಡಸರಿಗೆ ಇದರ ಗಂಧಗಾಳಿಯೂ ಗೊತ್ತಿರಲಿಲ್ಲ. ಮನೆಯ ಪೊರಕೆ ಎಲ್ಲಿದೆ ಎಂದು ನೋಡುವ ಗಂಡಸು ಎಲ್ಲಿದ್ದಾನೆ, ಹೇಳಿ!

ಮೇಲಿನ ಮಹಡಿಯ ಟೈಲರನ ಹೆಂಡತಿ ತೀರಿಕೊಂಡ ಮೇಲೆ ಅವನ ಪೊರಕೆ ಹೊರಗೇ ನಿಂತುಬಿಟ್ಟಿತು. ಪಾಪ, ದುಃಖದಲ್ಲಿ ಹೊಲಿಗೆಯನ್ನೂ ಬಿಟ್ಟಿರಬೇಕು ಎಂದುಕೊಂಡು ಅಕ್ಕ ಪ್ರತಿ ತಿಂಗಳೂ ಕೆಮ್ಮಿ ಇಳಿದಳು. ಅಷ್ಟರಲ್ಲಿ ನೀರಿನ ಟ್ಯಾಂಕು ಬಿರುಕು ಬಿಟ್ಟಿತು. ಬಾಕಿ ಉಳಿಸಿಕೊಂಡ ಮನೆ ಒಂದಿದ್ದರೂ ಸಹಾಯಧನ ಬರುವುದಿಲ್ಲ ಎಂದಿತು ಕಚೇರಿ.

"ವಸೂಲಿ ಮಾಡು, ಇಲ್ಲಾಂದ್ರೆ ಮನೆ ಖಾಲಿ ಮಾಡ್ಸು. ನಾಳೇನೇ ಕೊನೆ," ಎಂದ ಮ್ಯಾನೇಜರು.

ಕೆಳಗೆ ಕೊಡ ಹೊತ್ತ ಹೆಂಗಸರ ಸಹನೆಯೂ ಮುಗಿದಿತ್ತು. "ಅವನೊಬ್ಬನಿಗೋಸ್ಕರ ನಾವೆಲ್ಲ ಸೊಂಟ ಮುರ್ಕೋಬೇಕಾ ಅಕ್ಕಾ?"

ಅವರು ಹೇಳಿದ್ದೂ ಸುಳ್ಳಲ್ಲ. ಆದರೂ ಹೆಂಡತಿಯನ್ನು ಕಳೆದುಕೊಂಡವನ ಮನೆಯನ್ನೂ ಕಿತ್ತುಕೊಂಡರೆ ಗಾಯದ ಮೇಲೆ ಬರೆ ಎಳೆದಂತಲ್ಲವೇ? ಸಂಕಟಪಡುತ್ತಲೇ ಅಕ್ಕ ಮೆಟ್ಟಿಲು ಹತ್ತಿದಳು. ಪೊರಕೆ ಅಲ್ಲೇ ಇತ್ತು. ತನ್ನ ಮಾತು ತಾನೇ ಮುರಿದು, ಮೊದಲ ಸಲ ಪೊರಕೆಯಿಟ್ಟ ಬಾಗಿಲು ತಟ್ಟಿದಳು.

ತಟ್ಟಿದ್ದೇ ತಡ, ಬಾಗಿಲು ತೆರೆಯಿತು. ಟೈಲರನ ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಮಡಿಸಿಟ್ಟ ನೋಟುಗಳು. ಅಷ್ಟೂ ತಿಂಗಳ ಬಾಡಿಗೆ.

"ಅಯ್ಯೋ ಟೈಲರಣ್ಣ, ದುಡ್ಡು ಇಟ್ಕೊಂಡು ಪೊರಕೆ ಯಾಕೆ ಹೊರಗಿಟ್ರಿ?"

"ಪೊರಕೆನಾ?" ಅವನು ಬಗ್ಗಿ ನೋಡಿದ. "ಅವಳನ್ನ ಎತ್ಕೊಂಡು ಹೋದ ದಿನ ಯಾರೋ ಗುಡಿಸಿ ಅಲ್ಲಿಟ್ರು. ಅದನ್ನ ಮುಟ್ಟೋಕೆ ನನಗೆ ಮನಸ್ಸಾಗ್ಲಿಲ್ಲ ತಂಗಿ. ಯಾಕೆ, ಅದಕ್ಕೇನಾಯ್ತು?"

ಅಕ್ಕ ಪೊರಕೆಯನ್ನೊಮ್ಮೆ, ಅವನ ಕೈಯ ನೋಟುಗಳನ್ನೊಮ್ಮೆ ನೋಡಿದಳು. ಅವನ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳಲ್ಲ! ತಾನೂ ಬಂದಿಲ್ಲ, ತನ್ನನ್ನು ನೋಡಿ ಕೆಳಗಿನ ಹೆಂಗಸರೂ ಈ ಬಾಗಿಲಿಗೆ ಬಂದಿಲ್ಲ.

"ನಿಮ್ಮ ಕೆಮ್ಮು ಪ್ರತಿ ತಿಂಗಳೂ ಕೇಳಿಸ್ತಿತ್ತು," ಎಂದ ಟೈಲರ. "ಎದ್ದು ಬಾಗಿಲಿಗೆ ಬರೋಷ್ಟರಲ್ಲಿ ನೀವು ಇಳಿದಿರ್ತಿದ್ರಿ. ಸಾವಿನ ಮನೆ ಅಂತ ದೂರ ಇಟ್ಟಿದಾರೇನೋ ಅಂದ್ಕೊಂಡು ಸುಮ್ನಾದೆ. ಆದ್ರೂ ಬಾಡಿಗೆ ದಿನ ಎರಡು ಲೋಟ ತೊಳೆದಿಡ್ತಿದ್ದೆ."

ಒಳಗೆ ಮೆಷಿನ್ನಿನ ಪಕ್ಕ ಎರಡು ಲೋಟ ಬೋರಲಾಗಿದ್ದವು. ಅಕ್ಕ ಚಪ್ಪಲಿ ಬಿಟ್ಟು, ಪೊರಕೆಯನ್ನು ಒಳತಂದು ಬಾಗಿಲ ಹಿಂದೆ ಇಟ್ಟಳು.

"ಹಣ ಆಮೇಲೆ ಎಣಿಸೋಣ ಅಣ್ಣ," ಎಂದು ಕುಳಿತಳು. "ಮೊದಲು ಕುಡಿಯೋಕೆ ಏನಾದ್ರೂ ಕೊಡಿ."